ಕವಳಿ ಮಟ್ಟಿಯಲ್ಲಿ ಸಿಕ್ಕ ಚೆಂಡು

ಭೂಮಾಪನ ಇಲಾಖೆಯಲ್ಲಿ ಮೂವತ್ತೈದು ವರ್ಷ ಸರಪಳಿ ಎಳೆದ ಪುಷ್ಪದಂತಯ್ಯನವರಿಗೆ ಒಂದಂಗುಲ ಸುಳ್ಳನ್ನೂ ಸಹಿಸಿ ಗೊತ್ತಿರಲಿಲ್ಲ. ಹೊಸನಗರದ ಸುತ್ತ ಅಣ್ಣತಮ್ಮಂದಿರು ಬೇಲಿಗಾಗಿ ಬಡಿದಾಡುವಾಗ ಇವರು ಗೂಟ ಹೊಡೆದದ್ದೇ ಕೊನೆ. ಕೆಲಸಕ್ಕೆ ಬಹಳ ಒಳ್ಳೆಯ ಗುಣ ಇದು, ಜೊತೆಗಿರುವವರಿಗೆ ಮಾತ್ರ ಕಷ್ಟ.

ನಿವೃತ್ತಿಯಾಗಿ, ಹೆಂಡತಿ ಜ್ವಾಲಾಮಾಲಿನಿಯೂ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಒಂದು ಆಟ. ಸಾಗರದ ರಸ್ತೆಯಲ್ಲಿ ಹೋಂಸ್ಟೇಯವರೊಬ್ಬರು ಹುಲ್ಲಿನ ಬಯಲಲ್ಲಿ ಆರು ಕುಳಿಗಳ ಪುಟ್ಟ ಗಾಲ್ಫ್ ಮೈದಾನ ಮಾಡಿದ್ದರು. ಎಲ್ಲಕ್ಕಿಂತ ದೂರದ ಕುಳಿಗೇ ತೊಂಬತ್ತು ಹೆಜ್ಜೆ. ಹೊಸದಾಗಿ ಕಲಿಯುವವರಿಗೆಂದು ಮಾಡಿದ್ದು. ಬಿಡದೆ ಬಂದವರು ಇಬ್ಬರೇ. ಇವರೊಬ್ಬರು, ಕೋಣಂದೂರಿನಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದು ಈಗ ಹೊಸನಗರದಲ್ಲಿ ಮನೆ ಮಾಡಿದ್ದ ಮುಕುಂದಯ್ಯ ಇನ್ನೊಬ್ಬರು. ಮೂರು ವರ್ಷ ದಿನಾ ಸಂಜೆ ಆಡಿದರು. ಒಬ್ಬರ ಹೊಡೆತವನ್ನು ಇನ್ನೊಬ್ಬರು ಎಣಿಸಿ ಚೀಟಿಗೆ ಸಹಿ ಹಾಕುತ್ತಿದ್ದರು.

ಸ್ನೇಹ ಕೆಟ್ಟದ್ದು ಹೋದ ಕಾರ್ತಿಕದಲ್ಲಿ, ಮೂರನೇ ಕುಳಿಯ ಹತ್ತಿರ. ಮುಕುಂದಯ್ಯನವರ ಚೆಂಡು ಕವಳಿ ಮಟ್ಟಿಯ ಮುಳ್ಳುಪೊದೆಯೊಳಕ್ಕೆ ನುಗ್ಗಿತು. ಚೆಂಡು ಕಳೆದರೆ ಒಂದು ಹೊಡೆತ ಹೆಚ್ಚಿಗೆ ಬರೆಯಬೇಕು. ಅವರು ಒಂದು ಗಳಿಗೆ ತಡಕಾಡಿ, "ಸಿಕ್ತು" ಎಂದು, ಮಟ್ಟಿಯ ಈಚೆ ಬೋಳು ನೆಲದ ಮೇಲಿದ್ದ ಚೆಂಡನ್ನು ಹೊಡೆದೇಬಿಟ್ಟರು.

"ಚೆಂಡು ಅಲ್ಲಿಗೆ ಬರಕ್ಕೆ ಸಾಧ್ಯನೇ ಇಲ್ಲ ಮುಕುಂದಯ್ಯನೋರೆ. ಜೇಬಿಂದ ಹಾಕಿದ್ರಿ."

"ನನ್ನ ಕಳ್ಳ ಅಂತೀರಾ?"

"ಅಳ್ತೆ ಹಾಗೆ ಹೇಳ್ತದೆ."

ಮುಕುಂದಯ್ಯ ಕೋಲನ್ನು ಅಲ್ಲೇ ಬಿಟ್ಟು ಹೋದವರು ಮತ್ತೆ ಬರಲಿಲ್ಲ.

ಹತ್ತು ತಿಂಗಳು ಪುಷ್ಪದಂತಯ್ಯ ಒಬ್ಬರೇ ಆಡಿದರು. ಹೊಡೆದ ಮೇಲೆ ಇನ್ನೊಬ್ಬರಿಗೆಂದು ಪಕ್ಕಕ್ಕೆ ಸರಿದು ನಿಲ್ಲುವ ಅಭ್ಯಾಸ ಮಾತ್ರ ಹೋಗಲಿಲ್ಲ. ಒಳ್ಳೆಯ ಹೊಡೆತ ಬಿದ್ದ ದಿನವೇ ಹೆಚ್ಚು ಸಂಕಟ. ನೋಡಿದಿರಾ ಎಂದು ತಿರುಗಿದರೆ ಯಾರೂ ಇಲ್ಲ. ಸಹಿಯಿಲ್ಲದ ಚೀಟಿಗಳು ಮನೆಯ ಡಬ್ಬದಲ್ಲಿ ತುಂಬಿದವು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರಿಗೆ ಕ್ಷಮಾವಣಿ. ಬಲ್ಲವರೆಲ್ಲರಲ್ಲೂ ಕ್ಷಮೆ ಕೇಳುವ ದಿನ. ಪುಷ್ಪದಂತಯ್ಯ ಹಾಲಿನವನನ್ನೂ ಬಿಟ್ಟವರಲ್ಲ. ಈ ಸಲ ಮುಕುಂದಯ್ಯನವರನ್ನು ಕೇಳುವುದೋ ಬೇಡವೋ ಎಂಬುದೇ ತಲೆಬಿಸಿ. ತಪ್ಪು ಮಾಡದೆ ಕ್ಷಮೆ ಕೇಳುವುದು ಹೇಗೆ?

ಕ್ಷಮಾವಣಿಯ ಹಿಂದಿನ ದಿನ ಆಡಲು ಹೋದಾಗ ಕವಳಿ ಮಟ್ಟಿಯನ್ನು ಯಾರೋ ಕಡಿದು ಸವರಿದ್ದರು. ಬುಡದಲ್ಲಿ ಒಂದು ಚೆಂಡು. ಒರೆಸಿ ನೋಡಿದರೆ 'ಮು' ಎಂಬ ಅಕ್ಷರ, ಕೆಳಗೆ ಜಗಳದ ದಿನದ ತಾರೀಖು. ಅವತ್ತು ಆಟಕ್ಕೆ ಮುಂಚೆ ಹೊಸ ಚೆಂಡಿಗೆ ಸರ್ವೆ ಕಲ್ಲಿಗೆ ಬರೆಯುವ ಹಾಗೆ ಬರೆದುಕೊಟ್ಟವರು ಇವರೇ.

ಕಳೆದ ಚೆಂಡು ಮಟ್ಟಿಯಲ್ಲೇ ಇತ್ತು, ತಮ್ಮ ಅಳತೆ ಸರಿ ಎಂದು ಎದೆಯುಬ್ಬಿತು. ತೋರಿಸೋಣವೆಂದರೆ ತೋರಿಸಬೇಕಾದವರು ಒಬ್ಬರೇ, ತೋರಿಸಿದರೆ ಅವರು ಜನ್ಮದಲ್ಲಿ ಇತ್ತ ತಲೆ ಹಾಕುವುದಿಲ್ಲ. ಬಯಲಲ್ಲಿ ನಿಂತಿದ್ದ ಪುಷ್ಪದಂತಯ್ಯನವರಿಗೆ ಅಳು ಬಂತು.

ಮರುದಿನ ಬೆಳಿಗ್ಗೆ ಚೆಂಡನ್ನು ಜೇಬಿನಲ್ಲೇ ಇಟ್ಟುಕೊಂಡು ಮುಕುಂದಯ್ಯನವರ ಜಗಲಿಯಲ್ಲಿ ಕೈ ಮುಗಿದು ನಿಂತರು. "ನನ್ನಿಂದ ತಪ್ಪಾಯ್ತು. ಕ್ಷಮಿಸ್ಬೇಕು."

"ಹೋಗ್ಲಿ ಬಿಡಿ, ನಾನು ಅವತ್ತೇ ಮರ್ತೆ. ಮನುಷ್ಯ ಅಂದ್ಮೇಲೆ ತಪ್ಪು ಆಗ್ತದೆ" ಎಂದು ಮುಕುಂದಯ್ಯ ಧಾರಾಳವಾಗಿ ಕ್ಷಮಿಸಿ ಕಾಫಿ ತರಿಸಿದರು. ಈ ದಿನ ಕ್ಷಮೆ ಕೇಳಿಸಿಕೊಂಡವರೂ ತಿರುಗಿ ಕೇಳುವ ಕ್ರಮವುಂಟು. ಪೋಸ್ಟ್‌ಮಾಸ್ಟರರಿಗೆ ಅದು ಗೊತ್ತಿರಲಿಲ್ಲ ಅಂದುಕೊಳ್ಳೋಣ.

ಮುಕುಂದಯ್ಯ ಸಂಜೆಯೇ ಆಟಕ್ಕೆ ಬಂದರು. ಮೂರನೇ ಕುಳಿಯಲ್ಲಿ ಅವರ ಚೆಂಡು ಎಡಕ್ಕೆ ಹಾರಿ ಎತ್ತರದ ಹುಲ್ಲಿಗೆ ಬಿತ್ತು. ಅವರು ಹುಡುಕಲು ಹೋದರು. ಜೀವಮಾನವಿಡೀ ಗೂಟದ ಮೇಲಿನ ಕಣ್ಣು ತೆಗೆಯದ ಪುಷ್ಪದಂತಯ್ಯ ಬೆನ್ನು ತಿರುಗಿಸಿ, ಗುಡ್ಡ ನೋಡುತ್ತ ನಿಂತರು. ಹತ್ತು ತಿಂಗಳು ಒಬ್ಬರೇ ಆಡಿದಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ.

"ಸಿಕ್ತು" ಎಂದರು ಹಿಂದಿನಿಂದ ಮುಕುಂದಯ್ಯ.

"ಒಳ್ಳೇದಾಯ್ತು."

ಹೆಚ್ಚಿನ ಹೊಡೆತ ಬರೆಯದೆ, ಆಟ ಮುಗಿದಾಗ ಪುಷ್ಪದಂತಯ್ಯ ಚೀಟಿಗೆ ಸಹಿ ಹಾಕಿದರು. ಪೆನ್ನು ಇಡಲು ಜೇಬಿಗೆ ಕೈ ಹಾಕಿದಾಗ ಹಳೆಯ ಚೆಂಡು ತಗಲಿತು. ಅದನ್ನು ಇನ್ನೂ ಆಳಕ್ಕೆ ದೂಡಿ ಕೇಳಿದರು:

"ನಾಳೆನೂ ಬರ್ತೀರಲ್ಲ?"