ಸಪ್ಪಳ ನಿಂತ ಮನೆ

ಆಗ ಇಳಕಲ್ಲಿನಲ್ಲಿ ಮಗ್ಗದ ಸಪ್ಪಳವಿಲ್ಲದ ಓಣಿಯೇ ಇರಲಿಲ್ಲ. ಅಲ್ಲೇ ಹುಟ್ಟಿ ಬೆಳೆದ ಅಪ್ಪನಿಗೆ ಇದು ಹೊಳೆಯಬೇಕಿತ್ತು. ಆದರೂ ನಮ್ಮನ್ನು ರೈಲು ಹತ್ತಿಸುವಾಗ ಹೇಳಿದ್ದು ಇಷ್ಟೇ: "ಚೀಟಿ ಕಳಕೊಂಡ್ರೂ ಅಂಜಬ್ಯಾಡ. ಎಲ್ಲಿ ಮಗ್ಗದ ಸಪ್ಪಳ ಕೇಳ್ತೈತೋ ಅದ ಆಯಿ ಮನಿ." ಆ ಮಾತಿಗೆ ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಎಪ್ಪತ್ತೊಂದರ ಯುದ್ಧದ ಚಳಿಗಾಲ ಅದು. ಅಪ್ಪ ಸಿಪಾಯಿ. ಅವ್ವ ತೀರಿಕೊಂಡು ವರ್ಷವಾಗಿತ್ತು. ಗಡಿ ಊರಿನ ನಮ್ಮ ಕ್ವಾರ್ಟರ್ಸ್ ಮೇಲೆ ವಿಮಾನಗಳು ಹಾರತೊಡಗಿದಾಗ ಹೆಂಗಸರನ್ನೂ ಮಕ್ಕಳನ್ನೂ ಅವರವರ ಊರಿಗೆ ಕಳಿಸಿದರು. ನನಗೆ ಹತ್ತು, ತಮ್ಮ ಶಿವುಗೆ ಐದು. ದಾರಿಯ ನೂಕುನುಗ್ಗಲಿನಲ್ಲಿ ಟ್ರಂಕು ಹೋಯಿತು, ವಿಳಾಸದ ಚೀಟಿಯೂ ಅದರೊಳಗೇ ಹೋಯಿತು. ಜತೆಗಿದ್ದ ಸಿಪಾಯಿಯೊಬ್ಬನ ಹೆಂಡತಿ ಬಾದಾಮಿಯಲ್ಲಿ ನಮ್ಮನ್ನು ಇಳಕಲ್ಲಿನ ಬಸ್ಸು ಹತ್ತಿಸಿ ತನ್ನೂರಿಗೆ ಹೋದಳು. ಅಪ್ಪನ ತಾಯಿಯನ್ನು ನಾವು ಕಂಡೇ ಇರಲಿಲ್ಲ. ನಮಗೆ ಅವಳು ಬರೀ ಆಯಿ, ಹೆಸರು ಗೊತ್ತಿಲ್ಲ.

ಬಸ್‌ಸ್ಟ್ಯಾಂಡಿನ ಹೋಟೆಲಿನವನು ಬಿಸಿ ಮಿರ್ಚಿ ಭಜಿ ಕೊಟ್ಟು ಅಪ್ಪನ ಹೆಸರು ಕೇಳಿದ.

"ಬಸಪ್ಪ ಅಂದ್ರ ಓಣಿಗೆ ನಾಕು ಮಂದಿ ಅದಾರವ್ವ. ಹಿಂಗ ಮಾಡೋಣು. ನಿಮ್ಮ ಆಯಿ ಸಿಗೂತನಕ ಹುಡುಗ ನಮ್ಮನ್ಯಾಗ ಇರ್ಲಿ. ನಿನ್ನ ಹುನಗುಂದಕ್ಕ ನಮ್ಮ ತಂಗಿ ಮನಿಗೆ ಕಳಸ್ತೇನಿ."

"ನನ್ನ ತಮ್ಮನ್ನ ನಾ ಬಿಡಂಗಿಲ್ಲ!" ಎಂದು ಅರ್ಧ ತಿಂದ ಭಜಿ ಅಲ್ಲೇ ಬಿಟ್ಟು ಶಿವುನ ಕೈ ಎಳೆದುಕೊಂಡು ಓಡಿದೆ. ಒಳ್ಳೆಯ ಮನುಷ್ಯನೇ ಪಾಪ. ಆದರೆ ಅವತ್ತು ನನಗೆ ಅವನು ರಾಕ್ಷಸ.

ಓಣಿ ಓಣಿ ತಿರುಗಿದೆವು. ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆ, ಎಲ್ಲೆಲ್ಲೂ ಖಟಕ್ ಖಟಕ್. ಸಪ್ಪಳ ಬಂದ ಬಾಗಿಲಿಗೆಲ್ಲ ನಿಂತು, "ನಮ್ಮ ಆಯಿ ಅದಾಳೇನ್ರಿ?" ಎಂದು ಕೇಳಿದೆ. ಕೆಲವರು ನಕ್ಕರು, ಕೆಲವರು ನೀರು ಕೊಟ್ಟರು. ಒಂದು ಮನೆ ಮಾತ್ರ ಗಪ್ಪಾಗಿತ್ತು. ಅದನ್ನು ಮೂರು ಸಲ ದಾಟಿದೆವು, ಬಾಗಿಲು ಬಡಿಯಲಿಲ್ಲ. ನಾಲ್ಕನೆಯ ಸಲ ಶಿವು ಅದರ ಕಟ್ಟೆಯ ಮೇಲೆ ಕುಳಿತು ಅಳತೊಡಗಿದ. ಮುದುಕಿಯೊಬ್ಬಳು ಹೊರಗೆ ಬಂದಳು.

"ಯಾರನ್ನ ಹುಡುಕ್ತೀರಿ, ಕೂಸ?"

"ನಮ್ಮ ಆಯೀನ. ಆಕಿ ಮನ್ಯಾಗ ಮಗ್ಗ ಐತಿ."

"ಮಗ್ಗ ನಮ್ಮನ್ಯಾಗೂ ಐತಿ. ಲಡಾಯಿ ಸುದ್ದಿ ಬಂದ ದಿನಾನ ನಿಲ್ಲಿಸೇನಿ. ನನ್ನ ಬಸಪ್ಪ ಮಿಲ್ಟ್ರಿಯಿಂದ ಬರೂತನಕ ನೇಯಂಗಿಲ್ಲ."

ಅಪ್ಪಿಕೊಳ್ಳಬೇಕಿತ್ತು. ನಾನು ಕಿರುಚಿದೆ: "ನೀ ನಿಲ್ಲಿಸಿದ್ದಕ್ಕ ನಾವು ಮೂರು ಸಲ ದಾಟಿ ಹೋದ್ವಿ!"

ಆಯಿ ಕಟ್ಟೆಯ ಮೇಲೆಯೇ ಕುಸಿದು ನಮ್ಮಿಬ್ಬರನ್ನೂ ಎಳೆದುಕೊಂಡಳು. ಸಜ್ಜಿ ರೊಟ್ಟಿ ಬಡಿದು ಉಣಿಸಿದಳು. ಮರುದಿನ ಬೆಳಿಗ್ಗೆ ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿದು ಕುಳಿತು ನೇಯತೊಡಗಿದಳು.

ಯುದ್ಧ ಮುಗಿದ ಮೇಲೆ ಅಪ್ಪ ನಾಪತ್ತೆ ಎಂದು ಕಾಗದ ಬಂತು. ಮಾತಾಡಿಸಲು ಬಂದ ಹಿರಿಯರು, "ನಾಕ ದಿನ ಮಗ್ಗ ನಿಲ್ಲಿಸಬೇ ಯಕ್ಕಾ" ಎಂದರು. ಆಯಿ ಲಾಳಿ ಕೆಳಗಿಡಲಿಲ್ಲ.

"ಒಮ್ಮಿ ನಿಲ್ಲಿಸಿ ಕೂಸುಗಳನ್ನ ಕಳಕೊಂತಿದ್ದೆ. ಈಗ ನಿಂತ್ರ ಅವಗ ಮನಿ ಹೆಂಗ ಸಿಗತೈತಿ?"

ಅಪ್ಪ ಹುಟ್ಟಿದ್ದೇ ಆ ಮನೆಯಲ್ಲಿ. ಅವನಿಗೆ ಸಪ್ಪಳದ ಗುರುತು ಬೇಕಿರಲಿಲ್ಲ. ಅದನ್ನು ಹೇಳುವ ಎದೆ ಮಾತ್ರ ಯಾರಿಗೂ ಇರಲಿಲ್ಲ.

ಆಯಿ ಸಾಯುವ ತನಕ ನೇಯ್ದಳು. ಆಮೇಲೆ ಕುಣಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಕಿಸಿದೆವು. ನಾನೇ ನಿಂತು ಹಾಕಿಸಿದೆ. ನಾಪತ್ತೆ ಅಂದರೆ ಸತ್ತ ಎಂದಲ್ಲ, ಅಪ್ಪ ಸತ್ತನೆಂದು ಇವತ್ತಿಗೂ ನಾನು ಒಪ್ಪಿಲ್ಲ. ಆದರೆ ಈಗ ನಮ್ಮ ಓಣಿಯ ಎಲ್ಲ ಮನೆಗಳೂ ಗಪ್ಪಾಗಿವೆ. ಹುಡುಕಿಕೊಂಡು ಬಂದವರು ಎಲ್ಲವನ್ನೂ ದಾಟಿ ಹೋಗುತ್ತಾರೆ.