ದಾವಲಬಿಯ ಕೊಸರು

ಬಂಕಾಪುರದ ದಾವಲಬಿ ಚುರಮರಿ, ಅಂದರೆ ಮಂಡಕ್ಕಿ, ಮಾರಿ ಬಾಳಿದ ಹೆಂಗಸು. ಸವಣೂರಿನ ಭಟ್ಟಿಯಿಂದ ಚೀಲ ತರಿಸಿ, ವಾರಕ್ಕೊಮ್ಮೆ ಶಿಗ್ಗಾವಿಯ ಸಂತೆಯಲ್ಲಿ ಮಾರಲು ಕೂರುತ್ತಿದ್ದಳು. ಅತ್ತೆಯಿಂದ ಬಂದ, ಅಳೆಯುವ ಹಿತ್ತಾಳೆಯ ಸೇರೊಂದೇ ಅವಳ ಆಸ್ತಿ.

ಜೋಳಕ್ಕೂ ಅಕ್ಕಿಗೂ ಕಿಲೋ ಬಂದು ಎಷ್ಟೋ ಕಾಲವಾಯಿತು. ಚುರಮರಿಗೆ ಮಾತ್ರ ಇಂದಿಗೂ ಸೇರೇ ಗತಿ. ಗಾಳಿಯಂತೆ ಹಗುರವಾದದ್ದನ್ನು ತಕ್ಕಡಿ ಏನು ತೂಗೀತು? ನಾಲ್ಕು ಪಾವು ತುಂಬಿದರೆ ಒಂದು ಸೇರು. ಆದರೆ ನಮ್ಮ ಸೀಮೆಯಲ್ಲಿ ಅಳತೆ ಅಲ್ಲಿಗೇ ಮುಗಿಯುವುದಿಲ್ಲ. ಸೇರಿನ ಬಾಯ ಮೇಲೆ ಗೋಪುರ ಏಳಬೇಕು. ಅದನ್ನು ಕೊಳ್ಳುವವರ ಚೀಲಕ್ಕೆ ಸುರಿದ ಮೇಲೆ ಇನ್ನಷ್ಟು ಬೀಳಬೇಕು. ಆ ಇನ್ನಷ್ಟಕ್ಕೇ ಕೊಸರು ಎನ್ನುತ್ತಾರೆ. ಸೇರು ವ್ಯಾಪಾರ, ಕೊಸರು ಧರ್ಮ ಎಂದು ಹಿರಿಯರು ತಿಳಿದಿದ್ದರು. ಉಳಿದವರು ಬೆರಳ ತುದಿಯಿಂದ ನಾಲ್ಕು ಕಾಳು ಉದುರಿಸಿದರೆ, ದಾವಲಬಿ ಬೊಗಸೆ ತುಂಬ ಹಾಕುತ್ತಿದ್ದಳು.

ಆ ಬೊಗಸೆಯ ಗುಟ್ಟು ಅವಳಿಗೊಬ್ಬಳಿಗೇ ಗೊತ್ತಿತ್ತು.

ಗಂಡ ಪೀರಸಾಬ ತೀರಿಹೋದ ವರ್ಷ, ಚೀಲಗಳ ಜೊತೆಗೆ ಸೇರೂ ಬಸ್ಸಿನ ಮೇಲಿಂದ ಕಲ್ಲಿನ ಮೇಲೆ ಬಿದ್ದು, ಅದರ ತಳ ಒಳಕ್ಕೆ ಉಬ್ಬಿತು. ಪಾತ್ರೆ ರಿಪೇರಿಯ ಖಾದರಸಾಬ ತಿರುಗಿಸಿ ನೋಡಿ, “ಹಳೇ ಹಿತ್ತಾಳಿ ಐತಿ ಬೆಹನ್, ಬಡದ್ರ ಸೀಳತೈತಿ” ಎಂದು ಮರಳಿಸಿದ. ಹೊಸದನ್ನು ಕೊಳ್ಳುವ ಚೈತನ್ಯ ಆಗ ಅವಳಿಗಿರಲಿಲ್ಲ. ನೆರೆಮನೆಯ ಸೇರು ತಂದು ಅಳೆದು ನೋಡಿದಳು. ತನ್ನ ಸೇರಿನಲ್ಲಿ ಸರಿಯಾಗಿ ಒಂದು ಬೊಗಸೆ ಕಡಿಮೆ ಬೀಳುತ್ತಿತ್ತು. ಹಾಗಾದರೆ ಆ ಬೊಗಸೆಯನ್ನು ಮೇಲೆ ಹಾಕಿಬಿಡುವುದು, ಯಾಕೆಂದು ಎಲ್ಲರಿಗೂ ಹೇಳಿಬಿಡುವುದು ಎಂದು ನಿಶ್ಚಯಿಸಿ ಸಂತೆಗೆ ಹೋದಳು.

ಮೊದಲ ಗಿರಾಕಿ ಹಿರೇಬೆಂಡಿಗೇರಿಯಲ್ಲಿ ಚುರಮರಿ ಕಲಸಿ ಮಾಡುವ ಗಿರ್ಮಿಟ್ ತಿಂಡಿಯ ಅಂಗಡಿ ಇಟ್ಟಿದ್ದ ಫಕ್ಕೀರವ್ವ. ಬೊಗಸೆ ಬಿದ್ದದ್ದೇ ಅವಳು ಉಳಿದ ವ್ಯಾಪಾರಿಗಳತ್ತ ತಿರುಗಿ, ಸಂತೆಗೆಲ್ಲ ಕೇಳುವಂತೆ ಕೂಗಿದಳು: “ಕೈ ಅಂದ್ರ ಇದು ನೋಡ್ರಿ! ಗಂಡನ್ನ ಕಳಕೊಂಡಾಕಿ ಇಷ್ಟು ಕೊಸರ ಹಾಕ್ತಾಳ, ಹಾಕಾಕ ನಿಮಗೇನ ಬ್ಯಾನಿರೀ?”

ದಾವಲಬಿ ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಸಾಲಿನ ಮಂದಿಯೆಲ್ಲ ಅವಳತ್ತ ಹೊರಳಿದ್ದರು. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ಅವಳು ಯಾರದೊಂದು ಕಾಳನ್ನೂ ತಿನ್ನಲಿಲ್ಲ. ಅದಂತೂ ದೇವರ ಮುಂದೆ ನಿಜ. ತಿಂದದ್ದು ಹೊಗಳಿಕೆಯನ್ನು. ಹೊಸ ಸೇರು ಕೊಳ್ಳುವ ಕಾಲವೂ ಬಂತು. ಆದರೆ ಸರಿಯಾದ ಸೇರಿನ ಮೇಲೆ ಬೊಗಸೆ ಹಾಕಿದರೆ ಹೊಟ್ಟೆಗೆ ಹೊಡೆತ, ನಿಲ್ಲಿಸಿದರೆ ಹೆಸರಿಗೆ ಹೊಡೆತ. ಹಳೆಯ ಸೇರೇ ಉಳಿಯಿತು. ತೀರಿಸಲೇಬೇಕಾದ ಬಾಕಿ ಊರ ಬಾಯಲ್ಲಿ ದಾನವಾಗಿ ಬೆಳೆಯಿತು.

ವರ್ಷಗಳು ಕಳೆದು, ದಾವಲಬಿಯ ಕಣ್ಣಿಗೆ ಪೊರೆ ಬಂದು ಆಪರೇಶನ್ ಆದಾಗ ಸಂತೆಗೆ ಸೊಸೆ ಗುಲ್ನಾಜ ಹೊರಟಳು. ಚುರುಕು ಹುಡುಗಿ, ಅತ್ತೆಯ ಔಷಧಿಗೆ ಕೊರತೆ ಬೀಳಬಾರದೆಂಬ ಚಿಂತೆ ಅವಳದು.

“ಅಮ್ಮಾ, ಆ ಬೊಗಸಿ ನಿಲ್ಲಸ್ತೇನ್ರಿ. ಎಲ್ಲಾರಂಗ ನಾಕ ಕಾಳ ಹಾಕಿದ್ರ ಸಾಕು. ಊರಿಗೆಲ್ಲಾ ಧರ್ಮಾ ಮಾಡಾಕ ನಾವೇನ ನವಾಬರೇನ್ರಿ?”

“ಬ್ಯಾಡ ಬೇಟಿ, ಹಾಕು” ಎಂದಳು ದಾವಲಬಿ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು.

“ಯಾಕ್ರಿ?”

ಆ ಯಾಕೆಗೆ ಉತ್ತರ ಅವಳ ನಾಲಿಗೆಯ ಮೇಲೇ ಇತ್ತು. “ರೂಢಿ ಐತಿ” ಎಂದಷ್ಟೇ ಹೇಳಿ ಮಗ್ಗುಲಾದಳು. ಗುಲ್ನಾಜ ಬೊಗಸೆ ನಿಲ್ಲಿಸಿದಳು.

ಅಷ್ಟೇ ಸೇರು ಕೊಂಡರೂ ಗಿರ್ಮಿಟ್ ತಟ್ಟೆಗಳು ಕಡಿಮೆ ಬೀಳತೊಡಗಿದಾಗ ಫಕ್ಕೀರವ್ವನಿಗೆ ಸಂಶಯ ಹುಟ್ಟಿತು. ಮುಂದಿನ ಸಂತೆಗೆ ತನ್ನ ಮನೆಯ ಸೇರನ್ನೇ ಹಿಡಿದು ಬಂದಳು. ಗುಲ್ನಾಜ ಅಳೆದುಕೊಟ್ಟದ್ದನ್ನು ಎಲ್ಲರೆದುರು ಅದಕ್ಕೆ ಸುರಿದರೆ, ಗೋಪುರವಿರಲಿ, ಕಂಠದ ತನಕವೂ ಬರಲಿಲ್ಲ. ಹಿತ್ತಾಳೆಯ ಸೇರನ್ನು ಕಸಿದು ಬೋರಲು ಹಾಕಿದಳು.

“ತಳಾ ನೋಡ್ರಿ ತಳಾ! ಅತ್ತಿ ಮಲಗಿದ್ದ ತಡಾ, ಸೊಸಿ ಸೇರಿಗೆ ಗುದ್ದ್ಯಾಳ!”

ಗುಲ್ನಾಜ ಆ ತಗ್ಗನ್ನು ಕಂಡದ್ದೇ ಅಂದು. ಮನೆಗೆ ಬಂದು ಸೇರನ್ನು ಅತ್ತೆಯ ಮಡಿಲಲ್ಲಿಟ್ಟಳು. “ಇದು ನಿಮಗ ಗೊತ್ತಿತ್ತೇನ್ರಿ?”

ದಾವಲಬಿ ತಳದ ಮೇಲೆ ಬೆರಳಾಡಿಸಿದಳು. “ಗೊತ್ತಿತ್ತು.”

“ಸಂತ್ಯಾಗ ನನ್ನ ಕಳ್ಳಿ ಅಂದ್ರು ಅಮ್ಮಾ.” ಅಷ್ಟು ಹೇಳಿ ಗುಲ್ನಾಜ ಒಳಗೆ ಹೋದಳು. ಬೈದಿದ್ದರೆ ದಾವಲಬಿಗೆ ಹಗುರವಾಗುತ್ತಿತ್ತೇನೋ.

ಮುಂದಿನ ವಾರ, ವೈದ್ಯರು ಬೇಡವೆಂದರೂ, ಹೊಸ ಸ್ಟೀಲಿನ ಸೇರು ಕೊಂಡು ಸೊಸೆಯ ಕೈ ಹಿಡಿದು ಸಂತೆಗೆ ಹೋದಳು. ತನ್ನ ಹೆಸರು ಹೋದರೂ ಸರಿ, ಹುಡುಗಿಯ ಹೆಸರು ಉಳಿಯಲಿ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡಳು. ಫಕ್ಕೀರವ್ವ ಕಾಣುತ್ತಲೇ, ನಾಲ್ಕು ಮಂದಿಯ ನಡುವೆ ದಾವಲಬಿ ಹೇಳಿದಳು:

“ತಗ್ಗು ಬಿದ್ದದ್ದು ನನ್ನ ಕಾಲದಾಗ. ಆ ಬೊಗಸಿ ಕೊಸರಲ್ಲ ಯವ್ವಾ, ನಿಮಗ ಬರಬೇಕಾದ್ದ ಅದು. ನಾನ ಹೇಳಲಿಲ್ಲ. ಈ ಹುಡುಗಿದು ತಪ್ಪಿಲ್ಲ.”

ಫಕ್ಕೀರವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣು ತುಂಬಿತ್ತು. “ಕೇಳಿದ್ರೇನ್ರೆವ್ವಾ? ಸೊಸಿನ್ನ ಉಳಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ! ಇಂಥಾ ಮನಸು ಯಾರಿಗೈತಿ?”

“ಸುಳ್ಳಲ್ಲ ಫಕ್ಕೀರವ್ವಾ, ಖುದಾನ ಆಣಿ!”

“ಆಣಿ ಬ್ಯಾರೆ ಮಾಡಬ್ಯಾಡ ಬಿಡಕ್ಕಾ. ನಿನ್ನ ಕೈ ನಮಗ ಗೊತ್ತಿಲ್ಲೇನು?”

ದೇವರು ಕಿವಿಗೊಟ್ಟು ಕಾದ ದಿನಗಳಲ್ಲಿ ಅವಳು ನುಡಿಯಲಿಲ್ಲ. ನುಡಿದ ದಿನ ಮನುಷ್ಯರ ಕಿವಿ ತುಂಬಿಹೋಗಿತ್ತು, ಅವಳದೇ ಕೀರ್ತಿಯಿಂದ.

ಗುಲ್ನಾಜ ಹೊಸ ಸೇರಿನಲ್ಲಿ ಗೋಪುರವೆಬ್ಬಿಸಿ ಅಳೆದಳು. ಫಕ್ಕೀರವ್ವ ಹುಡುಗಿಯ ಬೆರಳುಗಳಿಂದ ಕಣ್ಣು ಕೀಳದೆ ನೋಡಿ ಚೀಲಕ್ಕೆ ಸುರಿಸಿಕೊಂಡಳು. ಆಮೇಲೆ ಚೀಲದ ಬಾಯನ್ನು ದಾವಲಬಿಯತ್ತ ತಿರುಗಿಸಿದಳು.

“ಕೊಸರ ನೀ ಹಾಕಕ್ಕಾ. ಆಕಿ ಕೈಲೆ ಬ್ಯಾಡ.”

ದಾವಲಬಿಯ ಕೈ ಏಳಲಿಲ್ಲ. ಗುಲ್ನಾಜ ತಲೆ ಎತ್ತದೆ, ಮೆಲ್ಲಗೆ ಅಂದಳು: “ಹಾಕ್ರಿ ಅಮ್ಮಾ. ಮಂದಿ ಕಾಯಾಕತ್ತೈತಿ.”

ದಾವಲಬಿ ಬೊಗಸೆ ತುಂಬಿ ಹಾಕಿದಳು.