ಬೋರಲಿಂಗಯ್ಯನ ಹೇಸಿಗೆ

ನಮ್ಮ ತಾತನ ಅಣ್ಣ ಬೋರಲಿಂಗಯ್ಯನಿಗೆ ಕೆಟ್ಟ ವಾಸನೆ ಎಂದರೆ ಆಗುತ್ತಿರಲಿಲ್ಲ. ಆತ ಹುಟ್ಟಿದ್ದು ಕ್ಲೋಸ್‌ಪೇಟೆಗೂ ಕೆಂಗಲ್ಲಿಗೂ ನಡುವಿನ ಒಂದು ಸಣ್ಣ ಹಳ್ಳಿಯಲ್ಲಿ. ಈಗಿನ ರಾಮನಗರವನ್ನು ಆಗ ಎಲ್ಲರೂ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದರು. ರೇಷ್ಮೆ ಗೂಡು ಬೇಯಿಸುವ ನಾತ ಗಾಳಿಯಲ್ಲಿ ಯಾವಾಗಲೂ ಇರುತ್ತಿದ್ದ ಆ ಸೀಮೆಯಲ್ಲಿ ಆತ ಮೂಗಿಗೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡು ಓಡಾಡುತ್ತಿದ್ದ. ಹಾಲಿನ ಚೆಂಬಿನ ಅಂಚಿಗೆ ಮೂಗು ತಂದು, "ಇದನ್ನ ಬೂದಿ ಹಾಕಿ ಉಜ್ಜಿಲ್ಲ" ಎಂದು ಹಾಗೇ ಕೆಳಗಿಡುತ್ತಿದ್ದ. ಹೆಂಡತಿ ಕಾವೇರಮ್ಮನಿಗೆ ಇದು ದಿನದ ಗೋಳು. "ದ್ಯಾವ್ರು ನಿಂಗೆ ಇಂಥ ಮೂಗು ಕೊಟ್ಟವ್ನು ಒಸಿ ತಾಳ್ಮೆನೂ ಕೊಡಬಾರ್ದಾಗಿತ್ತಾ?" ಎಂದು ಗೊಣಗುತ್ತಲೇ ಆಕೆ ಇನ್ನೊಮ್ಮೆ ಉಜ್ಜುತ್ತಿದ್ದಳು. ಈ ಕಥೆಯನ್ನು ನಾನು ಕೇಳಿದ್ದು ಆ ಕಾವೇರಜ್ಜಿಯ ಬಾಯಿಂದಲೇ.

ಬೋರಲಿಂಗಯ್ಯನಿಗೆ ಇಬ್ಬರು ಗೆಳೆಯರು. ಒಬ್ಬ ಕೆಂಪಯ್ಯ. ಊರ ಪಟೇಲನ ತಮ್ಮನ ಮಗ. ಹೊಲ, ತೋಟ, ತೋಟದಲ್ಲೊಂದು ಹೆಂಚಿನ ಮನೆ ಇದ್ದವನು. ದೊಡ್ಡ ದನಿಯಲ್ಲಿ ನಗುವವನು. ಇನ್ನೊಬ್ಬ ಮುನಿಶಾಮಯ್ಯ. ಇವನು ಬೆಂಗಳೂರು ದಂಡಿನಲ್ಲಿ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದ. ಜರ್ಮನ್ ಯುದ್ಧ ಮುಗಿದ ಮೇಲೆ ದೊರೆ ತನ್ನ ಇಂಗ್ಲೆಂಡ್ ಸೀಮೆಗೆ ಹೊರಟುಹೋದ. ಮುನಿಶಾಮಯ್ಯ ಒಂದು ಪೆಟ್ಟಿಗೆ ಖಾಲಿ ಶೀಷೆಗಳೊಂದಿಗೆ ಊರಿಗೆ ಬಂದ. ಆ ಶೀಷೆಗಳಲ್ಲಿ ಏನಿತ್ತು ಎಂದು ಕೇಳಿದವರಿಗೆಲ್ಲ ಬೀರಿನ ವರ್ಣನೆ ಮಾಡುತ್ತಿದ್ದ. ಅದರ ಬಣ್ಣ, ಅದರ ಬುರುಗು, ಕುಡಿದ ಮೇಲೆ ನಾಲಿಗೆಯ ಮೇಲೆ ನಿಲ್ಲುವ ಸಣ್ಣ ಕಹಿ.

ಕೆಂಪಯ್ಯನಿಗೆ ಆಸೆ ಹತ್ತಿತು. "ಹೆಂಡದಂಗಡೀಲಿ ಕಂಡಕಂಡೋರ ಜೊತೆ ಕುಕ್ಕರಗಾಲಲ್ಲಿ ಕುಂತು ಕುಡಿಯಾಕೆ ನಂಗೆ ನಾಚ್ಕೆ ಆಯ್ತದೆ ಕಣ್ಲಾ. ನಾವೇ ಮಾಡ್ಕಂಡು ಕುಡಿಯಾನ. ದೊರೆಗಳಂಗೆ."

"ಬೀರಿಗೆ ಬಾರ್ಲಿ ಬೇಕಲ್ಲ, ಎಲ್ಲಿ ತರ್ತೀಯಾ?" ಎಂದ ಬೋರಲಿಂಗಯ್ಯ.

"ರಾಗಿ ಇಲ್ವೇನ್ಲಾ? ಮೊಳ್ಕೆ ಬಂದ್ರೆ ಎಲ್ಲಾ ಒಂದೇಯ" ಎಂದ ಮುನಿಶಾಮಯ್ಯ.

ಹಾಗೆ ಶುರುವಾಯಿತು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ತರಿತರಿಯಾಗಿ ಬೀಸಿಸುತ್ತಿದ್ದರು. ಅದನ್ನು ಬಿಸಿನೀರಲ್ಲಿ ನೆನೆಹಾಕಿ ಸೋಸಿ, ಬೆಲ್ಲ ಸೇರಿಸಿ, ಕಹಿಗೆ ನೆಲಬೇವಿನ ಸೊಪ್ಪು ಹಾಕಿ ಕುದಿಸುತ್ತಿದ್ದರು. ಆರಿದ ಮೇಲೆ ತೋಟದ ಮನೆಯ ದೊಡ್ಡ ಮಣ್ಣಿನ ಗುಡಾಣಕ್ಕೆ ಸುರಿದು, ಉಬ್ಬು ಬರಲೆಂದು ಸೇಂದಿಯ ತಳದಲ್ಲಿ ನಿಲ್ಲುವ ಗಷ್ಟು ಬೆರೆಸುತ್ತಿದ್ದರು. ದಂಡಿನ ಬ್ರೆಡ್ಡಿನವರು ಹಿಟ್ಟು ಉಬ್ಬಿಸುವುದೂ ಇದರಲ್ಲೇ ಎಂದು ಮುನಿಶಾಮಯ್ಯ ಹೇಳಿದ್ದ. ಮನೆಯಲ್ಲಿ ಹೀಗೆ ಮಾಡುವುದಕ್ಕೆ ಸರ್ಕಾರದ ಅಪ್ಪಣೆ ಇರಲಿಲ್ಲ. ಆದರೆ ಪಟೇಲನೇ ದೊಡ್ಡಪ್ಪನಾಗಿರುವಾಗ ಕೇಳುವವರು ಯಾರು?

ಮೊದಲ ಸಲದ ಬೀರು ಬಾಯಿಗಿಡುವಂತಿರಲಿಲ್ಲ. ಎರಡನೆಯ ಸಲ ಬೋರಲಿಂಗಯ್ಯ ತಾನೇ ಗುಡಾಣ ತೊಳೆಯಲು ನಿಂತ. ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ, ಒಳಗೆ ತಲೆ ಹಾಕಿ ಮೂಸಿ, ಮತ್ತೆ ಉಜ್ಜಿದ. ಮುಚ್ಚುವ ಬಟ್ಟೆಯನ್ನು ಕುದಿಸಿದ. ಆ ಸಲದ ಬೀರಿಗೆ ಹುರಿದ ರಾಗಿಯ ಘಮ ಬಂದಿತ್ತು. ಮೂವರೂ ಹುಣಿಸೆ ಮರದ ಕೆಳಗೆ ಕುಳಿತು ಸಂಜೆ ಹೊತ್ತು ಕುಡಿದರು. ನಗು, ಹರಟೆ, ಮುನಿಶಾಮಯ್ಯನ ಬಂಗಲೆಯ ಕಥೆಗಳು. ಬೋರಲಿಂಗಯ್ಯನ ಮೂಗನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆ ಎರಡು ಮೂರು ವರ್ಷ ಆತ ಸಂತೋಷವಾಗಿದ್ದ ಎಂದು ಕಾವೇರಜ್ಜಿಯೂ ಒಪ್ಪುತ್ತಿದ್ದಳು.

ಆಮೇಲೆ ಗಲೀಜು ಮೆಲ್ಲಗೆ ಒಳಗೆ ಬಂತು. ಕೆಂಪಯ್ಯ ಎಲೆ ಅಡಿಕೆ ಜಗಿಯುತ್ತಲೇ ಗುಡಾಣಕ್ಕೆ ಬಗ್ಗುತ್ತಿದ್ದ. ಕುಡಿದ ಲೋಟವನ್ನೇ ಅದ್ದಿ ತೆಗೆಯುತ್ತಿದ್ದ. ಉಬ್ಬು ಇಳಿಯುವ ತನಕ ಕಾಯುವ ಸಹನೆ ಇಬ್ಬರಿಗೂ ಹೋಗಿತ್ತು. ಗೋಡೆಯ ಬುಡದಲ್ಲಿ ವಾಂತಿ ಮಾಡಿ, ಅದರ ಮೇಲೆ ಕಾಲಲ್ಲಿ ಮಣ್ಣು ಎಳೆದು, ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಮನೆಯೊಳಗೆ ನೊಣ ಗುಂಯ್ ಎನ್ನುತ್ತಿತ್ತು. ಬೋರಲಿಂಗಯ್ಯ ಬೈದರೆ ಕೆಂಪಯ್ಯ, "ಇವ್ನೊಬ್ಬ ಮಡಿ ಹೆಂಗ್ಸು ಕಣ್ಲಾ!" ಎಂದು ನಗುತ್ತಿದ್ದ. ಬೋರಲಿಂಗಯ್ಯ ಹೋಗುವುದನ್ನು ಕಮ್ಮಿ ಮಾಡಿದ.

ಆ ಬೇಸಿಗೆಯಲ್ಲಿ ಕೆಂಪಯ್ಯ ತೋಟದಲ್ಲಿ ಬಾವಿ ತೆಗೆಸುತ್ತಿದ್ದ. ಬಂಡೆ ಸಿಕ್ಕಿದ್ದರಿಂದ ಕಲ್ಲು ಒಡೆಯುವವರ ಒಂದು ಗುಂಪನ್ನು ಕರೆಸಿದ್ದ. ತೆಲುಗು ಸೀಮೆಯಿಂದ ಬಂದ ಅವರು ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ಅವರ ಪರವಾಗಿ ಮಾತಾಡುತ್ತಿದ್ದವಳು ಚಿನ್ನಮ್ಮ ಎಂಬ ಗಟ್ಟಿ ಹೆಂಗಸು. ತಲೆಯ ಮೇಲೆ ಕಲ್ಲು ಹೊತ್ತು ಏಣಿ ಹತ್ತುವವಳು. ಅವಳ ಮುದಿ ಮಾವನೂ ಉಳಿ ಹಿಡಿದು ದಿನವೆಲ್ಲ ಕೂರುತ್ತಿದ್ದ.

ಅದೇ ಹೊತ್ತಿಗೆ ಬೋರಲಿಂಗಯ್ಯನ ತಂಗಿಯ ಗಂಡ ತೀರಿಕೊಂಡ. ಬೋರಲಿಂಗಯ್ಯ ಅವಳ ಊರು ಕುದೂರಿಗೆ ಹೋಗಿ, ತಿಥಿ ಮುಗಿಸಿಕೊಂಡು ಊರಿಗೆ ಬಂದ. ಬಂದ ಸಂಜೆ ತೋಟದ ಕಡೆ ಹೋದವನಿಗೆ ಬೇಲಿಯ ಹತ್ತಿರವೇ ನಾತ ಬಡಿಯಿತು. ಹುಳಿಯ ನಾತವಲ್ಲ, ಸತ್ತದ್ದರ ನಾತ.

ಗೆಳೆಯರಿಬ್ಬರೂ ಜಗಲಿಯಲ್ಲಿ ಕುಳಿತಿದ್ದರು. ಆತ ಇಲ್ಲದಾಗ ಅವರೇ ಗುಡಾಣ ತುಂಬಿಸಿದ್ದರು. ಬಟ್ಟೆ ಕಟ್ಟುವುದನ್ನು ಮರೆತಿದ್ದರು. ಬೋರಲಿಂಗಯ್ಯ ಒಳಗೆ ಹೋಗಿ ಬಗ್ಗಿ ನೋಡಿದ. ಬುರುಗಿನ ನಡುವೆ ಒಂದು ಹೆಗ್ಗಣ ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತಿತ್ತು. ಮೈಯ ಕೂದಲು ಉದುರಿ ಕೆನೆಯಂತೆ ಸುತ್ತ ಹರಡಿತ್ತು. ಚರ್ಮ ಸುಲಿದ ಕಡೆ ಬಿಳಿ ಮಾಂಸ ಬಿಚ್ಚಿಕೊಂಡಿತ್ತು. ಬೋರಲಿಂಗಯ್ಯ ಹೊಸಲು ದಾಟುವ ಮೊದಲೇ ಕಾರಿಕೊಂಡ.

"ಥೂ! ಮನುಷ್ಯರೇನ್ಲಾ ನೀವು? ಮೊದ್ಲು ಅದನ್ನ ತಿಪ್ಪೆಗೆ ಚೆಲ್ಲಿ."

"ಚೆಲ್ತೀವಿ ಬುಡ್ಲಾ, ಯಾಕಂಗೆ ಬಡ್ಕತೀಯ" ಎಂದ ಕೆಂಪಯ್ಯ.

ಬೋರಲಿಂಗಯ್ಯ ಅಲ್ಲಿ ನಿಲ್ಲಲಾರದೆ ಮನೆಗೆ ಬಂದ. ಬಾವಿಕಟ್ಟೆಯ ಮೇಲೆ ಕುಳಿತು ತಲೆಯ ಮೇಲೆ ನೀರು ಸುರಿದುಕೊಂಡ. ಹಿಟ್ಟು ಮುಟ್ಟಲಿಲ್ಲ.

ಮಾರನೆಯ ದಿನ ಅಮಾವಾಸ್ಯೆ. ಕಲ್ಲು ಕೆಲಸದವರಿಗೆ ಅರ್ಧ ದಿನ ಬಿಡುವು. ಮಧ್ಯಾಹ್ನ ಆತ ತೋಟದ ದಾರಿಯಲ್ಲಿ ಬರುತ್ತಿದ್ದಾಗ ಅವರೆಲ್ಲ ಹೊಸ ಬಾವಿಯ ಪಕ್ಕದ ನೆರಳಲ್ಲಿ ಕುಳಿತಿದ್ದರು. ನಡುವೆ ಮಡಕೆಗಳು. ಎಲ್ಲರ ಕೈಯಲ್ಲಿ ಕುಡಿಕೆ. ಚಿನ್ನಮ್ಮ ಮುಖ ಅರಳಿಸಿ, "ಬಾ ಗೌಡ, ನಿಮ್ಮ ಕೆಂಪಯ್ಯ ಗೌಡ್ರು ಹಬ್ಬಕ್ಕೆ ಅಂತ ಕೊಟ್ರು. ದೊರೆಗಳು ಕುಡಿಯೋದಂತೆ" ಎಂದಳು.

ಗಾಳಿ ಬೀಸಿತು. ಶುಂಠಿ, ಮೆಣಸು, ಬೆಲ್ಲ, ಎಲ್ಲದರ ಕೆಳಗೆ ನಿನ್ನೆಯ ಅದೇ ನಾತ.

ತುಸು ದೂರದಲ್ಲಿ ಕೆಂಪಯ್ಯ, ಮುನಿಶಾಮಯ್ಯ ನಿಂತು ನೋಡುತ್ತಿದ್ದರು. ಬೋರಲಿಂಗಯ್ಯ ಅವರ ಹತ್ತಿರ ಓಡಿದ. "ಏನ್ಲಾ ಮಾಡಿದ್ರಿ? ಅದನ್ನೇ ಕೊಟ್ರಾ?"

"ಹೆಗ್ಗಣ ತೆಗ್ದು ಬಿಸಾಕಿ, ಬಟ್ಟೇಲಿ ಸೋಸಿ, ನಾತ ಮುಚ್ಚಾಕೆ ಶುಂಠಿ ಮೆಣಸು ಹಾಕಿ ಕೊಟ್ವಿ ಕಣ್ಲಾ" ಎಂದ ಕೆಂಪಯ್ಯ. "ಅಷ್ಟು ರಾಗಿ ಬೆಲ್ಲ ಸುಮ್ನೆ ಚೆಲ್ಲಾಕಾಯ್ತದಾ? ಅವ್ರ ಹೊಟ್ಟೆ ಕಲ್ಲು ಅರಗಿಸ್ತದೆ. ನೋಡು ಎಂಗೆ ಚಪ್ಪರಿಸ್ತಾವ್ರೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಮುನಿಶಾಮಯ್ಯನೂ ನಕ್ಕ.

ಬೋರಲಿಂಗಯ್ಯ ತಿರುಗಿ ಬಂದು ಮಡಕೆಗಳನ್ನು ಒಂದೊಂದಾಗಿ ಒದ್ದ. ಕುಳಿತವರು ಗಾಬರಿಯಿಂದ ಎದ್ದರು. "ಕುಡೀಬ್ಯಾಡಿ ಕಣ್ರವ್ವಾ! ಅದ್ರಲ್ಲಿ ಹೆಗ್ಗಣ ಕೊಳ್ತಿತ್ತು. ನಾನೇ ಕಣ್ಣಾರೆ ನೋಡಿವ್ನಿ."

ಒಬ್ಬಳು ಬಾಯೊಳಗೆ ಬೆರಳು ತುರುಕಿಕೊಂಡಳು. ಚಿನ್ನಮ್ಮನ ಮಾವ ಕುಡಿದು ಮುಗಿಸಿ ಕುಡಿಕೆಯನ್ನು ಮಗ್ಗುಲಿಗಿಟ್ಟಿದ್ದ. ಅವನಿಗೆ ಮಾತು ಅರ್ಥವಾಗದೆ ಸೊಸೆಯ ಮುಖ ನೋಡಿದ. ಚಿನ್ನಮ್ಮ ಕೇಳಿದ್ದು ಒಂದೇ: "ಯಾವಾಗ ನೋಡ್ದೆ?"

"ನೆನ್ನೆ ಸಂಜೆ."

ಅವಳು ಮಾವನ ರಟ್ಟೆ ಹಿಡಿದು ಗುಡಿಸಲ ಕಡೆಗೆ ಕರೆದುಕೊಂಡು ಹೋದಳು.

ಹೊತ್ತು ಮುಳುಗುವುದರೊಳಗೆ ಗುಡಿಸಲುಗಳಲ್ಲಿ ವಾಂತಿ ಭೇದಿ ಶುರುವಾಯಿತು. ಊರಿನವರಿಗೆ ಹೆದರಿಕೆ ಹಿಡಿಯಿತು. ಕಲ್ಲು ಒಡೆಯುವವರು ಕಾಲರಾ ತಂದಿದ್ದಾರೆ ಎಂಬ ಸುದ್ದಿಯನ್ನು ಹಬ್ಬಿಸಿದವನು ಕೆಂಪಯ್ಯನೇ. ಕೆರೆಯ ದಾರಿಗೆ ಮುಳ್ಳು ಎಳೆಸಿದರು. ಅವರು ನೀರು ಮುಟ್ಟಬಾರದೆಂದು ಕಟ್ಟು ಮಾಡಿದರು. ನೀರೇ ಬೇಕಾದ ಜನಕ್ಕೆ ನೀರಿಲ್ಲ.

ಬೋರಲಿಂಗಯ್ಯ ತನ್ನ ಗಾಡಿಗೆ ಹಂಡೆ ಇಟ್ಟು ನೀರು ತುಂಬಿಸಿಕೊಂಡು ಹೋದ. ಕಾವೇರಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಿಂಗೇನಾದ್ರೂ ಆದ್ರೆ?"

"ಆದ್ರೆ ಆಗ್ಲಿ. ಗಂಜಿ ಮಾಡಿ ಕಳ್ಸು."

ಹಾಲಿನ ಚೆಂಬಿನ ವಾಸನೆ ತಡೆಯದ ಮನುಷ್ಯ ಆ ಗುಡಿಸಲುಗಳಲ್ಲಿ ಕುಳಿತ. ಗಂಡಸರೂ ಹೆಂಗಸರೂ ಮಲಗಿದಲ್ಲೇ ಹೇತು, ಕಾರಿಕೊಂಡು, ಎದ್ದು ಕೂರಲೂ ಆಗದೆ ಬಿದ್ದಿದ್ದರು. ಆತ ಬಟ್ಟೆ ಬಾಚಿ ಒಯ್ದು ತೊಳೆದ, ನೆಲಕ್ಕೆ ಬೂದಿ ಎರಚಿ ಬಳಿದ, ಉಪ್ಪು ಬೆರೆಸಿದ ಗಂಜಿಯನ್ನು ಬಾಯಿಗೆ ಹುಯ್ದ. ನಡುನಡುವೆ ಹೊರಗೆ ಓಡಿ ತಾನೂ ಕಾರಿಕೊಂಡು, ಬಾಯಿ ತೊಳೆದು ಮತ್ತೆ ಒಳಗೆ ಬರುತ್ತಿದ್ದ. ಕಾವೇರಮ್ಮ ಮೊದಲು ಗಂಜಿ ಕಳಿಸಿದಳು, ಆಮೇಲೆ ತಾನೇ ಬಂದಳು. ಎಲ್ಲರೂ ಮೆಲ್ಲಗೆ ಚೇತರಿಸಿಕೊಂಡರು. ಚಿನ್ನಮ್ಮನ ಮಾವ ಮಾತ್ರ ತೀರಿಕೊಂಡ.

ಬೋರಲಿಂಗಯ್ಯ ಅರಳಿಕಟ್ಟೆಗೆ ಹೋಗಿ ಪಟೇಲನ ಮುಂದೆ ಎಲ್ಲವನ್ನೂ ಹೇಳಿದ. ಪಟೇಲ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡ. "ನೀನೂ ಇವ್ರ ಜೊತೇಲಿ ಕಾಯಿಸಿ ಕುಡ್ದವ್ನೇ ಅಲ್ವೇನಯ್ಯಾ? ಬಾಯ್ಬುಟ್ರೆ ಮೂರು ಜನಾನೂ ಜೈಲಿಗೆ ಹೋಯ್ತೀರಿ. ಸುಮ್ಕಿರು."

"ಹೋಯ್ತೀನಿ. ಹೋಗಾಕೇ ಹೊಂಟಿವ್ನಿ" ಎಂದವನೇ ಕ್ಲೋಸ್‌ಪೇಟೆಗೆ ನಡೆದ. ಅಬಕಾರಿಯವರ ಮುಂದೆ ತನ್ನ ಹೆಸರನ್ನೇ ಮೊದಲು ಹೇಳಿದ. ಅವರು ಬಂದರು, ಗುಡಾಣ ಒಡೆದರು, ಮೂವರಿಗೂ ದಂಡ ಹಾಕಿಸಿದರು. ಸತ್ತವನ ವಿಷಯ ಅವರಿಗೆ ಸೇರಿದ್ದಲ್ಲ. ಅದನ್ನು ಪಟೇಲ ಕಾಲರಾ ಎಂದು ಆಗಲೇ ಬರೆಸಿ ಕಳಿಸಿದ್ದ. ದಂಡ ಕಟ್ಟಿದ ದಿನ ಕೆಂಪಯ್ಯ ಕಚೇರಿಯ ಮೆಟ್ಟಿಲ ಮೇಲೆ ನಿಂತು, "ಒಂದು ಹೆಗ್ಗಣಕ್ಕೆ ಇಷ್ಟು ರಂಪ ಮಾಡ್ಬುಟ್ಟೆಯಲ್ಲೋ" ಎಂದು ಅದೇ ದನಿಯಲ್ಲಿ ನಕ್ಕ. ಬೋರಲಿಂಗಯ್ಯ ಅವನ ಮುಖದ ಮುಂದೆಯೇ ನೆಲಕ್ಕೆ ಉಗಿದು ಬಂದ. ಅದಾದ ಮೇಲೆ ಅವನೊಂದಿಗೆ ಒಂದು ಮಾತೂ ಆಡಲಿಲ್ಲ.

ಕಲ್ಲಿನವರು ಬಾವಿಯನ್ನು ಅರ್ಧಕ್ಕೇ ಬಿಟ್ಟು ಮಾಗಡಿ ಕಡೆಗೆ ಹೊರಟರು. ಹೊರಡುವ ದಿನ ಚಿನ್ನಮ್ಮ ಗಂಜಿಯ ಪಾತ್ರೆಗಳನ್ನು ತೊಳೆದು ಬೋರಲಿಂಗಯ್ಯನ ಜಗಲಿಗೆ ತಂದಿಟ್ಟಳು. "ನೀನು ಒಳ್ಳೇವನೇ ಗೌಡ" ಎಂದಳು. "ಆದ್ರೆ ಆ ಸಂಜೆ ನೋಡ್ದಾಗ್ಲೇ ಗುಡಾಣನ ಒದ್ದು ಬಂದಿದ್ರೆ ನಮ್ಮ ಮಾವ ಇರೋನು. ನಿಂಗೆ ನಾತ ತಡೀಲಿಲ್ಲ, ಮನೆಗೆ ಬಂದ್ಬುಟ್ಟೆ."

ಆ ಮಾತಿನಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಬೋರಲಿಂಗಯ್ಯ ಆಮೇಲೆ ಹೆಂಡತಿಯ ಹತ್ತಿರ ಹೇಳಿದನಂತೆ.

ಮುನಿಶಾಮಯ್ಯ ಆ ವರ್ಷವೇ ಬೆಂಗಳೂರಿಗೆ ಹೋದವನು ಮತ್ತೆ ಬರಲಿಲ್ಲ. ಕೆಂಪಯ್ಯ ಬೇರೆಯವರಿಂದ ಬಾವಿ ಮುಗಿಸಿದ, ದೊಡ್ಡಪ್ಪನ ನಂತರ ಪಟೇಲನೂ ಆದ. ಊರು ಅವನಿಗೆ ಕೈ ಮುಗಿಯಿತು. ಮದುವೆಮನೆಯಲ್ಲಿ ಮೊದಲ ಎಲೆ ಅವನಿಗೇ. ಬೋರಲಿಂಗಯ್ಯ ಆ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಕೆಂಪಯ್ಯನ ನಗು ಕೇಳಿದರೆ ಊಟದ ನಡುವೆಯೇ ಎದ್ದು ಕೈ ತೊಳೆಯುತ್ತಿದ್ದ. ಜನ ಅವನನ್ನು ಕೊಂಕು ಮನುಷ್ಯ ಎಂದರು. ಹಳೆಯದನ್ನು ಎಷ್ಟು ದಿನ ಹಿಡ್ಕಂಡು ಕೂತ್ಕತೀಯ ಎಂದು ಬುದ್ಧಿ ಹೇಳಿದರು. ರಾಜಿ ಮಾಡಿಸಲು ಬಂದವರಿಗೆ ಆತ ಹೇಳುತ್ತಿದ್ದುದು ಇಷ್ಟೇ: "ನಂಗೆ ಅವ್ನ ಮ್ಯಾಲೆ ಸಿಟ್ಟಿಲ್ಲ. ಅಸಯ್ಯ."

ಎಷ್ಟೋ ವರ್ಷದ ಮೇಲೆ, ಒಂದು ಸುಗ್ಗಿಯಲ್ಲಿ, ಬೋರಲಿಂಗಯ್ಯ ಕಣದಲ್ಲಿ ಕುಸಿದು ಬಿದ್ದು ತೀರಿಕೊಂಡ. ಊರೆಲ್ಲ ನೆರೆಯಿತು. ಚಟ್ಟ ಕಟ್ಟುವ ಹೊತ್ತಿಗೆ ಪಟೇಲ ಕೆಂಪಯ್ಯನೂ ಬಂದ. ವಯಸ್ಸಾಗಿತ್ತು, ಕೋಲೂರುತ್ತಿದ್ದ. ಹೆಣದ ಮುಂದೆ ನಿಂತು ಕಣ್ಣೊರೆಸಿಕೊಂಡ. ಜನ ದಾರಿ ಬಿಟ್ಟರು. ಆತ ಕೋಲನ್ನು ಪಕ್ಕದವನಿಗೆ ಕೊಟ್ಟು, ಚಟ್ಟದ ಮುಂದಿನ ಬಿದಿರಿಗೆ ಕೈ ಹಾಕಿದ.

ತಲೆಯ ಹತ್ತಿರ ಕುಳಿತಿದ್ದ ಕಾವೇರಮ್ಮ ಅಳು ನಿಲ್ಲಿಸಿದಳು.

"ಕೆಂಪಣ್ಣ, ಬಂದ್ಯಲ್ಲ, ನೋಡ್ದ್ಯಲ್ಲ, ಅಷ್ಟು ಸಾಕು" ಎಂದಳು. "ಹೆಗಲು ಕೊಡಬ್ಯಾಡ."

ಕೆಂಪಯ್ಯ ಸುತ್ತ ನೋಡಿದ, ಯಾರಾದರೂ ಏನಾದರೂ ಹೇಳಲಿ ಎಂಬಂತೆ. ಆಮೇಲೆ ಬಿದಿರಿನಿಂದ ಕೈ ತೆಗೆದ. ಅವನ ಜಾಗಕ್ಕೆ ನಮ್ಮ ತಾತ ಹೋಗಿ ನಿಂತರು. ಹೆಣ ಎದ್ದಿತು.